ಬಾಯಲ್ಲಿ ಬೆಳ್ಳಿ ಒಳಲೆ ಇರುವ ಮೀನಿನವರಿಗೆ

ಸನ್ಮಾನ್ಯ ಕೊರಮೀನಿನವರು,
ಕೆರೆ ನೀರು ಬಿಡುವ ತೂಬಿನ ಪಕ್ಕದ ಜೊಂಡು,
ದಾಸರಹಳ್ಳಿ ಕೆರೆ,
ತುಮಕೂರು ರಸ್ತೆ.

ಮಾನ್ಯರೇ,

ದಡದ ಮೇಲಿರುವ ನಮ್ಮೆಲ್ಲರ ನಮಸ್ಕಾರಗಳು. ತಾವು ಸಂಸಾರ ಸಮೇತ ತಣ್ಣಗಿದ್ದೀರೆಂದು ನಂಬಿದ್ದೇನೆ. ನಾವು ಹಾಗಿಲ್ಲ ಎಂದು ತಿಳಿಸಲಿಕ್ಕೇ ಈ ಪತ್ರ. ತಮಗೆ ಮನೆ ನಂಬರಾಗಲೀ ಪಿನ್ ಕೋಡಾಗಲೀ ಇಲ್ಲದ್ದರಿಂದ ಇದನ್ನು ಅಂಚೆ ಡಬ್ಬಕ್ಕೆ ಹಾಕುವಂತಿಲ್ಲ, ನೇರವಾಗಿ ಕೆರೆಗೇ ಹಾಕೋಣವೆಂದರೆ ಶಾಯಿ ಕರಗಿಹೋಗುತ್ತದೆ. ಆದ್ದರಿಂದ ಪತ್ರಿಕೆಯ ಮೂಲಕ ಬಹಿರಂಗವಾಗಿ ಬರೆಯುವ ಅವಿನಯವನ್ನು ಮನ್ನಿಸಬೇಕು. ನಮ್ಮ ಬೀದಿಯಲ್ಲಿ ಓದಿ ಮುಗಿದ ಪತ್ರಿಕೆ ಕಡಲೆಕಾಯಿ ಪೊಟ್ಟಣವಾಗುತ್ತದೆ, ಪೊಟ್ಟಣ ಖಾಲಿಯಾದ ಮೇಲೆ ಗಾಳಿಗೆ ಹಾರಿ ಕೆರೆಯನ್ನೇ ಸೇರುತ್ತದೆ, ಹೀಗಾಗಿ ಸ್ವಲ್ಪ ತಡವಾದರೂ ತಮಗೆ ತಲುಪೇ ತಲುಪುತ್ತದೆ. ಒಂದು ಕಾಲಿನಲ್ಲಿ ತೊಟ್ಟಿಲ ಹಗ್ಗ ಎಳೆಯುತ್ತ ಬರೆಯುತ್ತಿರುವುದರಿಂದ ನನ್ನ ಸಾಲುಗಳು ಅಲೆಗಳ ಹಾಗೆ ಏರಿಳಿದಿವೆ; ಇದರಿಂದ ತಮಗೇನೂ ತೊಂದರೆಯಾಗಲಾರದು, ಅಚ್ಚುಮೊಳೆ ಜೋಡಿಸುವವರಿಗೆ ಆಗಬಹುದು.

ವಿಷಯ ಇಷ್ಟೇ. ತಾವು ಈಗ ಬಾಯಲ್ಲಿ ಕಚ್ಚಿಕೊಂಡಿರುವುದು, ಅಥವಾ ತಮ್ಮ ತುಟಿಗೆ ನೇತುಹಾಕಿಕೊಂಡು ಓಡಾಡುತ್ತಿರುವುದು, ನನ್ನ ಮಗಳು ಚಂದ್ರಕಲಾ ಹಾಲು ಕುಡಿಯುವ ಬೆಳ್ಳಿಯ ಒಳಲೆ. ಅವಳಿಗೆ ಏಳು ತಿಂಗಳು. ನನ್ನ ಹಾಲು ಸಾಲದೆ ಹಸುವಿನ ಹಾಲು, ರಾಗಿ ಸರಿ, ಔಷಧಿ ಎಲ್ಲವನ್ನೂ ಆ ಪುಟ್ಟ ದೋಣಿಯಂಥ ಒಳಲೆಯಲ್ಲೇ ಕುಡಿಯುತ್ತಿದ್ದಳು. ಅದು ತಮ್ಮ ಪಾಲಾದ ದಿನದಿಂದ ಚಮಚ ತಂದರೆ ಬಾಯಿ ಬಿಗಿಯುತ್ತಾಳೆ, ಬಾಟಲಿಯ ರಬ್ಬರನ್ನು ನಾಲಗೆಯಲ್ಲಿ ಆಚೆ ತಳ್ಳುತ್ತಾಳೆ, ಲೋಟ ಕಂಡರೆ ಕತ್ತು ತಿರುಗಿಸುತ್ತಾಳೆ. ಪಕ್ಕದ ಮನೆಯ ಮುನಿಯಕ್ಕ ಪ್ರೀತಿಯಿಂದ ತಮ್ಮ ಮನೆಯ ಹಿತ್ತಾಳೆ ಒಳಲೆಯನ್ನು ತಂದುಕೊಟ್ಟರು. ಅದರಲ್ಲಿದ್ದ ಹಾಲನ್ನೆಲ್ಲ ಮುನಿಯಕ್ಕನ ಸೀರೆಯೇ ಕುಡಿಯಿತು. ಮಗು ಹಸಿದು ಅಳುತ್ತದೆ, ಅತ್ತು ಸುಸ್ತಾಗಿ ಮಲಗುತ್ತದೆ, ಮಲಗಿದ ಮಗು ಉಸಿರಾಡುತ್ತಿದೆಯೋ ಇಲ್ಲವೋ ಎಂದು ನೋಡುತ್ತ ನಾನು ಎದ್ದಿರುತ್ತೇನೆ. ನಿದ್ದೆ ಎಂಬುದು ನಾನು ಕಾಲೇಜಿನಲ್ಲಿದ್ದಾಗ ಮಾಡುತ್ತಿದ್ದ ಒಂದು ಹವ್ಯಾಸವೆಂದು ನೆನಪು. ತೂಕ ನೋಡಿದ ಡಾಕ್ಟರು, "ಏನಾದ್ರೂ ಮಾಡಿ ಹೊಟ್ಟೆಗೆ ಹಾಕಿ, ಇಳೀತಾ ಇದಾಳೆ," ಎಂದರು. ಆ ಏನಾದರೂ ಎಂಬುದು ತಮ್ಮ ಬಾಯಲ್ಲಿದೆ, ಮಾನ್ಯರೇ.

ಒಳಲೆ ಕೆರೆಗೆ ಹೇಗೆ ಬಂತೆಂದು ತಮಗೂ ಕುತೂಹಲವಿರಬಹುದು. ನಮ್ಮ ಯಜಮಾನರಾದ ಚಿಕ್ಕಬೈರಪ್ಪನವರು ಪೀಣ್ಯದ ಒಂದು ಶೆಡ್ಡಿನಲ್ಲಿ ಡೈ, ಅಂದರೆ ತಗಡು ಒತ್ತುವ ಅಚ್ಚು, ಮಾಡುವ ಕೆಲಸದಲ್ಲಿದ್ದಾರೆ. ಅಲ್ಲಿ ಮೊನ್ನೆಯವರೆಗೆ ಟಿಫನ್ ಕ್ಯಾರಿಯರಿನ ಮುಚ್ಚಳ ಒತ್ತುತ್ತಿದ್ದರು. ಶೆಡ್ಡಿನ ಮಾಲೀಕರಾದ ರಾಮಾಂಜಿನಪ್ಪನವರಿಗೆ ಮದರಾಸಿನಿಂದ ಯಾರೋ ಸಾಹೇಬರು, ಹೊರದೇಶದವರು ಮೀನು ಹಿಡಿಯಲು ಬಳಸುವ ಹೊಳೆಯುವ ತಗಡಿನ ಮೀನುಗಳನ್ನು ಮಾಡಿಕೊಡುತ್ತೀರಾ, ಮೊದಲು ಒಂದು ಮಾದರಿ ಕಳಿಸಿ ಎಂದು ಕೇಳಿದರು. ಎರೆಹುಳು ಬೇಡ, ಹಿಟ್ಟು ಬೇಡ. ನೀರಲ್ಲಿ ಎಳೆದರೆ ತಗಡೇ ಮೀನಿನ ಹಾಗೆ ಮಿರುಗಬೇಕು, ನಿಜವಾದ ಮೀನು ಮರುಳಾಗಿ ಬಂದು ಕಚ್ಚಬೇಕು. ಆ ದೇಶದವರು ಹೀಗೆ ಹಿಡಿದ ಮೀನನ್ನು ಮುದ್ದು ಮಾಡಿ ಮತ್ತೆ ನೀರಿಗೇ ಬಿಡುತ್ತಾರಂತೆ. ಇದನ್ನು ಕೇಳಿದ ನಮ್ಮ ಅತ್ತೆ ಪಿಳ್ಳಮ್ಮನವರು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ, "ಇಡ್ದು ಮತ್ತೆ ನೀರಿಗೇ ಬುಡ್ತಾರಾ? ಅಂಗಾದ್ರೆ ಇಡಿಯಾದ್ಯಾಕೆ? ಅವರ ಮನೇಲಿ ಸಾರಿಗೆ ಮೆಣಸಿನಕಾಯಿ ಇಲ್ವಾ?" ಎಂದು ಕೇಳಿದರು. ಕೇಳಿ ಮತ್ತೆ ಅವರೆಕಾಯಿಗೆ ಕೈಹಾಕಿದರು.

ತಮ್ಮ ಸಲುವಾಗಿ ನಮ್ಮ ಯಜಮಾನರು ಪಟ್ಟ ಶ್ರಮವನ್ನು ತಾವು ತಿಳಿಯಲೇಬೇಕು. ಮೊದಲನೆಯದನ್ನು ಹಿತ್ತಾಳೆ ತಗಡಿನಲ್ಲಿ ಚಪ್ಪಟೆಯಾಗಿ ಕತ್ತರಿಸಿದರು. ಅದು ನೀರಲ್ಲಿ ಗಿರಗಿರನೆ ತಿರುಗಿ ದಾರವನ್ನು ಜಡೆ ಹೆಣೆದು ತಂದಿತು. ಎರಡನೆಯದನ್ನು ದಪ್ಪ ಸ್ಟೀಲಿನಲ್ಲಿ ಮಾಡಿದರು. ಅದು ಕೆರೆಯ ತಳದಲ್ಲಿ ಎಲ್ಲೋ ತಮ್ಮ ನೆರೆಯಲ್ಲೇ ಇದೆ, ಕಂಡರೆ ನಮಸ್ಕಾರ ತಿಳಿಸಿ. ಮೂರನೆಯದನ್ನು ಬಫಿಂಗ್ ಮೋಟಾರಿಗೆ ಹಿಡಿದು ಉಜ್ಜಿ ಉಜ್ಜಿ ಕನ್ನಡಿಯಂತೆ ಮಾಡಿದರು. ಅದರಲ್ಲಿ ಅವರು ಮೀಸೆ ತಿದ್ದಿಕೊಳ್ಳುವಷ್ಟು ಹೊಳಪಿತ್ತು, ತಾವು ಮಾತ್ರ ಅತ್ತ ತಿರುಗಿಯೂ ನೋಡಲಿಲ್ಲ. ಮಾಲೀಕರು ಧೈರ್ಯ ತುಂಬಿದರಂತೆ: "ಬೈರಪ್ಪ, ಮೀನು ಕಚ್ಲಿ ಬಿಡ್ಲಿ, ಮೊದ್ಲು ಸಾಹೇಬ್ರು ಕಚ್ಬೇಕು ಗುರು!" ಆದರೆ ನಮ್ಮವರು ಸ್ವಾಭಿಮಾನಿ. ಮೀನು ಕಚ್ಚದ ಮಾದರಿಯನ್ನು ಕಳಿಸುವುದಿಲ್ಲ ಎಂದು ಕೂತರು.

ಕೊನೆಗೆ ಹೆಂಡತಿ ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್‌ಸಿ. ಎಂಬುದು ಅವರಿಗೆ ನೆನಪಾಯಿತು. ಮದುವೆಯಾದ ಮೇಲೆ ಈ ಪದವಿ ಯಾರಿಗಾದರೂ ಬೇಕಾದದ್ದು ಅದೇ ಮೊದಲು. ನಾನೂ ಉತ್ಸಾಹದಿಂದ ಹಳೆಯ ಪುಸ್ತಕ ತೆಗೆದು, ಸಣ್ಣ ಮೀನು ಹೊರಳುವಾಗ ಅದರ ಪಕ್ಕೆ ಒಮ್ಮೆ ಮಿಂಚಿ ಒಮ್ಮೆ ಮಂಕಾಗುತ್ತದೆ, ದೊಡ್ಡ ಮೀನಿಗೆ ಬೇಕಾದದ್ದು ಹೊಳಪಲ್ಲ, ಹೊಳೆದು ಆರುವ ಹೊಳಪು, ಆದ್ದರಿಂದ ನಿಮ್ಮ ತಗಡು ತಿರುಗಬಾರದು, ತೊನೆಯಬೇಕು ಎಂದು ವಿವರಿಸಿದೆ. ತೊನೆಯುವುದೆಂದರೆ ಹೇಗೆ ಎಂದು ಅವರು ಕೇಳಿದಾಗ ನಾನು ಮಗುವಿಗೆ ಹಾಲು ಹಾಕುತ್ತಿದ್ದೆ. ನನ್ನ ಕೈಯಲ್ಲಿ ಒಳಲೆ ಆ ಕಡೆ ಈ ಕಡೆ ತೊನೆಯುತ್ತಿತ್ತು, ಗೋಡೆಯ ಮೇಲೆ ಬೆಳಕು ಬಂದು ಬಂದು ಹೋಗುತ್ತಿತ್ತು. ಅವರು ಅದನ್ನೇ ನೋಡುತ್ತ ಕೂತರು. ಬೇರೆ ಗಂಡಸಾಗಿದ್ದರೆ ತಾಯಿ ಮಗುವನ್ನು ನೋಡುತ್ತಿದ್ದಾನೆಂದು ಅಂದುಕೊಳ್ಳಬಹುದಿತ್ತು.

"ಅಳತೆ ತಗೊಂಡು ಸಂಜೆಗೆ ತಂದಿಡ್ತೀನಿ ಕಣೇ," ಎಂದರು, ಮರುದಿನ. ಅಳತೆ ತೆಗೆದುಕೊಂಡದ್ದು ನಿಜ. ಆಮೇಲೆ, ಇದೊಂದು ಸಲ ನೀರಲ್ಲಿ ಹೇಗೆ ಓಡುತ್ತದೋ ನೋಡಿಯೇಬಿಡೋಣವೆಂದು ಕೆರೆಗೆ ಹೋದದ್ದೂ ನಿಜ. ಆ ಸಂಜೆ ಮನೆಯೊಳಗೆ ಹಾರಿಬಂದು, "ಅನುಸೂಯಾ, ಕಚ್ತು ಕಣೇ! ಕಚ್ಬಿಡ್ತು! ಇಷ್ಟುದ್ದ ಕೊರಮೀನು!" ಎಂದು ಕೈಯಗಲಿಸಿ ತೋರಿಸಿದರು. ಒಂದು ಕೈಯಲ್ಲಿ ತುಂಡಾದ ದಾರವಿತ್ತು. ನಾನು ಆ ದಾರವನ್ನು ನೋಡಿದೆ, ಅವರ ಇನ್ನೊಂದು ಕೈ ನೋಡಿದೆ, ಜೇಬು ನೋಡಿದೆ. ಅವರ ಮುಖದ ಸಂತೋಷ ಆಗ ಇಳಿಯತೊಡಗಿತು. "ತೂತು ಕೊರೆದಿಲ್ಲ ಕಣೇ, ನಿಮ್ಮಮ್ಮನ ಮೇಲಾಣೆ! ಬರೀ ತಂತಿ ಸುತ್ತಿ ಕೊಕ್ಕೆ ಕಟ್ಟಿದ್ದೆ!" ಎಂದರು. ಕಳೆದುಹೋದ ಒಳಲೆ ತೂತಿಲ್ಲದೆ ಕಳೆದುಹೋಗಿದೆ ಎಂಬುದೇ ನನಗೆ ಅಂದು ಸಿಕ್ಕ ಸಮಾಧಾನ.

ಅಂದಿನಿಂದ ಅವರು ಕೆಲಸಕ್ಕೆ ಹೋಗುವ ಮುಂಚೆ ದಿನವೂ ತಮ್ಮ ಜೊಂಡಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದಾರೆ, ತಾವು ಕಂಡಿರಬಹುದು: ನೀಲಿ ಅಂಗಿ, ತಪ್ಪಿತಸ್ಥ ಮುಖ. ಒಳಲೆಗೆ ಕಚ್ಚಿದ ಮೀನು ಒಳಲೆಗೇ ಮತ್ತೆ ಕಚ್ಚೀತೆಂದು ಅದೇ ಅಳತೆಯಲ್ಲಿ ಸ್ಟೀಲಿನ ಒಳಲೆಗಳನ್ನು ಒತ್ತಿ, ಹೊಳಪು ಚೂರುಚೂರಾಗಿ ಚೆಲ್ಲಲೆಂದು ಬೆನ್ನ ಮೇಲೆ ಸುತ್ತಿಗೆಯಿಂದ ಬೇಳೆಗಾತ್ರದ ಗುಳಿಗಳನ್ನು ಹೊಡೆದು, ಒಂದಾದ ಮೇಲೊಂದರಂತೆ ತಮ್ಮ ಸೇವೆಗೆ ತರುತ್ತಿದ್ದಾರೆ. ಕೊಕ್ಕೆಯಿರುವ ಯಾವ ವಸ್ತುವೂ ನನ್ನ ಹೊಸಿಲು ದಾಟಕೂಡದೆಂದು ನಾನು ಅಪ್ಪಣೆ ಮಾಡಿರುವುದರಿಂದ ಕೊಕ್ಕೆಗಳ ಡಬ್ಬಿ ನುಗ್ಗೆಮರದಲ್ಲಿ ನೇತಾಡುತ್ತದೆ, ಕೊಕ್ಕೆಯಿಲ್ಲದ ಸ್ಟೀಲುಗಳು ಮಾತ್ರ ಕಿಟಕಿಯ ಮೇಲೆ ಸಾಲಾಗಿ ಕೂತಿರುತ್ತವೆ. ಆದರೂ ನಾನು ದಿನಕ್ಕೆ ಎಷ್ಟು ಸಲ ನೆಲ ಸವರುತ್ತೇನೋ ಲೆಕ್ಕವಿಲ್ಲ. ಮಗು ಇನ್ನೇನು ಅಂಬೆಗಾಲಿಡುತ್ತದೆ. ಒಂದೇ ಒಂದು ಕೊಕ್ಕೆ ಜಾರಿ ಬಿದ್ದಿದ್ದರೆ? "ಇಂಗೆ ಎದುರ್ಕೊಂಡು ಮಕ್ಳ ಸಾಕಿದ್ರೆ ನಾನು ಐದು ಸಾಕ್ತಿದ್ನಾ? ಬುಡು ತಾಯಿ," ಎಂದು ಅತ್ತೆ ನಗುತ್ತಾರೆ. ನಕ್ಕ ಮೇಲೆ ನಾನು ಕಾಣದಂತೆ ತಾವೂ ಒಮ್ಮೆ ನೆಲ ಸವರುತ್ತಾರೆ.

ಈಗ ನನ್ನ ಬೇಡಿಕೆಗೆ ಬರುತ್ತೇನೆ. ತಾವು ದಯಮಾಡಿ ಬುಧವಾರದೊಳಗೆ ಒಳಲೆಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಹಾಲು ಹಾಕುವ ಮೂತಿ ಮೇಲಾಗಿ ಬರುವಂತೆ, ಇಟ್ಟುಹೋಗಬೇಕು. ತೊಳೆಯುವ ತೊಂದರೆ ತೆಗೆದುಕೊಳ್ಳಬೇಡಿ, ನಾನು ಹೇಗೂ ಕುದಿಸುತ್ತೇನೆ. ಕೊಕ್ಕೆ ತುಟಿಗೆ ನೋವು ಕೊಡುತ್ತಿದ್ದರೆ ಒರಟು ಕಲ್ಲಿಗೆ ಮೆಲ್ಲಗೆ ಉಜ್ಜಿ ಬಿಡಿಸಿಕೊಳ್ಳಿ, ಎಳೆದಾಡಬೇಡಿ, ಗಾಯವಾಗುತ್ತದೆ. ತಾವು ಖುದ್ದಾಗಿ ಬರಲಾಗದಿದ್ದರೆ ಆಮೆಯವರ ಕೈಲಿ ಕಳಿಸಿದರೂ ಆದೀತು.

ಮಾನ್ಯರೇ, ಇಲ್ಲಿಯವರೆಗೆ ಬರೆದು, ಮಗು ಎದ್ದಿತೆಂದು ಪೆನ್ನು ಕೆಳಗಿಟ್ಟೆ. ಈಗ ಮತ್ತೆ ಹಿಡಿದಿದ್ದೇನೆ. ನಡುವೆ ನಡೆದದ್ದನ್ನು ತಮಗೆ ಹೇಳದೆ ಇನ್ಯಾರಿಗೆ ಹೇಳಲಿ?

ಬೆಳಗಿನ ಬಿಸಿಲು ಕಿಟಕಿಗೆ ಬಂದಿತ್ತು. ಸಾಲಿನ ಕೊನೆಯ ಸ್ಟೀಲಿನ ತುಂಡು ಗಾಳಿಗೆ ಅಲುಗಿ, ಅದರ ಗುಳಿಗಳ ಬೆಳಕು ಪುಟ್ಟ ಪುಟ್ಟ ಮೀನುಗಳಂತೆ ತೊಟ್ಟಿಲ ಸೀರೆಯ ಮೇಲೆ ಓಡಾಡುತ್ತಿತ್ತು. ಅಳಲು ಬಾಯಿ ತೆರೆದಿದ್ದ ಚಂದ್ರಕಲಾ ಅಳುವುದನ್ನು ಮರೆತು ಅದನ್ನೇ ನೋಡಿದಳು. ಬೆಳಕು ನಿಂತಿತು, ಅವಳು ಕಾದಳು. ಬೆಳಕು ಮತ್ತೆ ಬಂತು, ಕೈ ಚಾಚಿದಳು. ನನ್ನ ಪುಸ್ತಕದಲ್ಲಿ ತಮ್ಮ ಬಗ್ಗೆ ಬರೆದದ್ದೆಲ್ಲ ನನ್ನ ಮಗಳ ಮುಖದಲ್ಲಿತ್ತು. ನಾನು ಆ ತುಂಡನ್ನು ತೆಗೆದು ಕುದಿಸಿದೆ, ಬಫಿಂಗ್ ಸೋಪಿನ ವಾಸನೆ ಇದೆಯೆನಿಸಿ ಮತ್ತೆ ಕುದಿಸಿದೆ, ಅಂಚಿನ ಸುತ್ತ ನನ್ನ ನಾಲಗೆಯನ್ನೇ ಆಡಿಸಿ ಎಲ್ಲೂ ಚುಚ್ಚುವುದಿಲ್ಲವೆಂದು ನೋಡಿಕೊಂಡೆ, ಆಮೇಲೆ ಹಾಲು ಹುಯ್ದು, ಹಳೆಯ ಒಳಲೆಯಂತೆಯೇ ಆ ಕಡೆ ಈ ಕಡೆ ತೊನೆಯಿಸುತ್ತ, ಅವಳ ತುಟಿಯ ಹತ್ತಿರ ತಂದೆ. ಅವಳು ಬಾಯಿ ತೆರೆದಳು. ಅಷ್ಟನ್ನೂ ಕುಡಿದಳು. ಇನ್ನೊಮ್ಮೆ ಹುಯ್ದೆ, ಅದನ್ನೂ ಕುಡಿದು, ಹಲ್ಲಿಲ್ಲದ ವಸಡಿನಲ್ಲಿ ಸ್ಟೀಲನ್ನು ಕಚ್ಚಿ ಹಿಡಿದು, ಬಿಡೆನೆಂದಳು. ಬಾಗಿಲಲ್ಲಿ ನಿಂತಿದ್ದ ನಮ್ಮವರು ಮೆಲ್ಲಗೆ, "ಕಚ್ತು ಕಣೇ," ಎಂದರು. ಅತ್ತೆ ಅಡಿಗೆಮನೆಯಿಂದಲೇ, "ಇಡ್ದು ಮತ್ತೆ ನೀರಿಗೆ ಬುಟ್ಟೀಯಾ, ಉಸಾರು!" ಎಂದು ಕೂಗಿದರು.

ಅವಳು ಮಲಗಿದ್ದಾಳೆ. ಹೊಟ್ಟೆ ತುಂಬಿ ಮಲಗಿದ ಮಗುವಿನ ಉಸಿರು ದೂರದಿಂದಲೇ ಕೇಳುತ್ತದೆ, ಬಗ್ಗಿ ನೋಡಬೇಕಿಲ್ಲ. ಆದರೂ ಎರಡು ಸಲ ನೋಡಿದೆ.

ಸಮಾಧಾನದಿಂದ ಕೂತು ಪುಸ್ತಕದಲ್ಲಿ ತಮ್ಮ ಕುಲದ ಪುಟವನ್ನು ಮತ್ತೆ ತಿರುವಿದಾಗ, ಹಿಂದೆ ಅವಸರದಲ್ಲಿ ದಾಟಿಹೋಗಿದ್ದ ಒಂದು ಮಾತು ಕಣ್ಣಿಗೆ ಬಿತ್ತು. ಕೊರಮೀನುಗಳು ಮರಿ ಮಾಡಿದಾಗ ಊಟ ತಿಂಡಿ ಬಿಟ್ಟು ಕಾವಲಿರುತ್ತವಂತೆ. ಮರಿಗಳ ಹತ್ತಿರ ಏನೇ ಬಂದರೂ ಮೇಲೆ ಬಿದ್ದು ಕಚ್ಚುತ್ತವಂತೆ. ತಮ್ಮ ಜೊಂಡಿನ ಬಳಿ ನೀರ ಮೇಲೆ ಕೆಂಪಗೆ ಮರಿಗಳ ಗುಂಪು ತೇಲುತ್ತಿತ್ತೆಂದು ನಮ್ಮವರೇ ಅಂದು ಹೇಳಿದ್ದರು. ಅಂದರೆ ತಾವು ಮರುಳಾಗಿ ಕಚ್ಚಿದವರಲ್ಲ, ರೇಗಿ ಕಚ್ಚಿದವರು. ಹೊಳೆಯುವ, ಕೊಕ್ಕೆಯಿರುವ ಯಾವುದೋ ಒಂದು ತಮ್ಮ ಮಕ್ಕಳ ತಲೆಯ ಮೇಲೆ ಹಾದುಹೋಯಿತು, ತಾವು ಅದನ್ನು ಎಳೆದೊಯ್ದಿರಿ. ನಾನು ಕೊಕ್ಕೆಯ ಡಬ್ಬಿಯನ್ನು ನುಗ್ಗೆಮರಕ್ಕೆ ಕಳಿಸಿದೆ, ಅಷ್ಟೇ ವ್ಯತ್ಯಾಸ. ಬಾಯಿ ದೊಡ್ಡದಿದ್ದಿದ್ದರೆ ನಾನೂ ಕಚ್ಚುತ್ತಿದ್ದೆನೇನೋ. ತಮಗೂ ನಿದ್ದೆಯಿಲ್ಲವೆಂದು ತಿಳಿದಿದ್ದರೆ ಈ ಪತ್ರವನ್ನು ಬೇರೆ ದನಿಯಲ್ಲಿ ಶುರುಮಾಡುತ್ತಿದ್ದೆ. ತಮ್ಮ ಕಚ್ಚುವಿಕೆ ಅವರ ಕುಶಲತೆಗೆ ಸಂದ ಮೆಚ್ಚುಗೆಯಲ್ಲ ಎಂಬುದನ್ನು ನಮ್ಮ ಯಜಮಾನರಿಗೆ ನಾನಿನ್ನೂ ಹೇಳಿಲ್ಲ. ಅವರು ಪತ್ರಿಕೆಯಲ್ಲಿ ಸಿನಿಮಾ ಜಾಹೀರಾತು ಬಿಟ್ಟು ಬೇರೇನೂ ಓದುವುದಿಲ್ಲವಾದ್ದರಿಂದ ಇಲ್ಲಿ ಧೈರ್ಯವಾಗಿ ಬರೆದಿದ್ದೇನೆ.

ಆದ್ದರಿಂದ ಬುಧವಾರದ ಗಡುವನ್ನು ಹಿಂದಕ್ಕೆ ಪಡೆದಿದ್ದೇನೆ. ಮರಿಗಳು ದೊಡ್ಡವಾಗುವವರೆಗೆ ಒಳಲೆ ತಮ್ಮಲ್ಲೇ ಇರಲಿ. ನಮ್ಮವರಿಗೂ ಆ ಜೊಂಡಿನ ಕಡೆ ಹೋಗಬೇಡಿರೆಂದು ಹೇಳಿದ್ದೇನೆ. ಮದರಾಸಿಗೆ ಅದೇ ಅಳತೆಯ ಇನ್ನೊಂದು ಮಾದರಿ ಹೊರಟಿದೆ, ಮಗಳು ಕಚ್ಚಿದ್ದಕ್ಕಿಂತ ದೊಡ್ಡ ಪರೀಕ್ಷೆ ಬೇಡವೆಂದು ರಾಮಾಂಜಿನಪ್ಪನವರೂ ಒಪ್ಪಿದ್ದಾರೆ.

ಕೊಕ್ಕೆಗೂ ತನಗೂ ಸಂಬಂಧವಿಲ್ಲವೆಂದು ಘೋಷಿಸುವ,
ದಡದ ಮೇಲಿನ ತಮ್ಮ ವಿಶ್ವಾಸಿ,
ಜಿ. ಅನುಸೂಯ, ಬಿ.ಎಸ್‌ಸಿ.
(ಚಂದ್ರಕಲಾಳ ತಾಯಿ)

ವಿ.ಸೂ.: ಒಂದು ಮಾತು ಮರೆತಿದ್ದೆ. ಆ ಒಳಲೆಯನ್ನು ಕೊಟ್ಟವರು ಆನೇಕಲ್ಲಿನ ನಮ್ಮ ತಾಯಿ ಭದ್ರಮ್ಮನವರು. ಮೊಮ್ಮಗಳನ್ನು ನೋಡಲು ಭಾನುವಾರ ಬರುತ್ತಿದ್ದಾರೆ. ಒಳಲೆಯನ್ನು ಪಾಲಿಶ್‌ಗೆ ಕೊಟ್ಟಿದ್ದೇವೆಂದು ನಮ್ಮವರು ಕಾರ್ಡು ಬರೆದಿದ್ದರು. ನಮ್ಮಮ್ಮ ನಂಬಿದಂತೆ ಕಾಣಲಿಲ್ಲ, ಕೆರೆಯ ಸುದ್ದಿ ಹೇಗೋ ಆನೇಕಲ್ಲಿಗೂ ಮುಟ್ಟಿದೆ. ಅವರು ನನ್ನಂತೆ ಪತ್ರ ಬರೆಯುವವರಲ್ಲ, ಅಳಿಯನಂತೆ ಗಾಳ ಹಾಕುವವರೂ ಅಲ್ಲ. ಮಾರುತ್ತರದಲ್ಲಿ ಒಂದೇ ಒಂದು ಸಾಲು ಬರೆಸಿದ್ದಾರೆ: ನಿಮ್ಮೂರ ಕೆರೆಗೆ ತೂಬು ಯಾವ ಕಡೆಗಿದೆ?