ದೀಪದ ಹೊತ್ತಿನ ಇಂಗ್ಲಿಷು

ನೆನೆಹಾಕಿದ ಅವರೆಕಾಳು ಹಿದುಕುವ ಕೆಲಸದಲ್ಲಿ ಒಂದು ಅನುಕೂಲವಿದೆ. ಎಂಥ ಸುದ್ದಿ ಬಂದರೂ ಕೈ ತನ್ನ ಪಾಡಿಗೆ ತಾನು ನಡೆಯುತ್ತಿರುತ್ತದೆ, ಮುಖವನ್ನು ಮೊರದ ಕಡೆಗೆ ಬಗ್ಗಿಸಿಕೊಂಡು ಕೂತುಬಿಡಬಹುದು. ಆವತ್ತು ಸಂಜೆ ನಮ್ಮ ಯಜಮಾನರು ಬೆಂಗಳೂರಿನ ರೈಲಿಳಿದು ಬಂದಾಗ ನಾನು ಅದನ್ನೇ ಮಾಡುತ್ತಿದ್ದೆ. ಅತ್ತೆ ಆಗತಾನೇ ದೇವರ ಮನೆಯಲ್ಲಿ ದೀಪ ಹಚ್ಚಿ ಬಂದು ನನ್ನೆದುರು ಕೂತು ತಾವೂ ನಾಲ್ಕು ಕಾಳಿಗೆ ಕೈ ಹಾಕಿದ್ದರು. ಯಜಮಾನರು ಕಾಲು ತೊಳೆದು ಒಳಗೆ ಬಂದರು. ನನ್ನನ್ನು ನೋಡಿದರು, ದೀಪವನ್ನು ನೋಡಿದರು, ಗಂಟಲು ಸರಿಮಾಡಿಕೊಂಡು, "ಅನ್‌ಫಾರ್ಚುನೇಟ್ಲಿ..." ಎಂದರು.

ಅಷ್ಟೇ ಸಾಕಾಯಿತು. ಅವರು ವಿಚಾರಿಸಿಕೊಂಡು ಬರಲು ಹೋಗಿದ್ದದ್ದೇ ಅದನ್ನು, ರೇಡಿಯೋದಲ್ಲಿ ನನ್ನ ಹಾಡು ಬರುವುದಿಲ್ಲ ಎಂದು ತಿಳಿದುಹೋಯಿತು.

ನನಗೆ ಇಂಗ್ಲಿಷ್ ಬರುತ್ತದೆ ಎಂದು ದಯವಿಟ್ಟು ತಿಳಿಯಬೇಡಿ. ನಾನು ಓದಿದ್ದು ಹಂದನಕೆರೆಯಲ್ಲಿ, ಏಳನೇ ಕ್ಲಾಸಿನವರೆಗೆ. ಆದರೆ ಈ ಮನೆಯಲ್ಲಿ ಸಂಸಾರ ಮಾಡಿದವಳಿಗೆ ಈ ಒಂದು ಬಗೆಯ ಇಂಗ್ಲಿಷ್ ಬರದೇ ಇರಲಾರದು. ಅದಕ್ಕೆ ಕಾರಣ ಇಂಗ್ಲಿಷಿನ ಗಂಧವೇ ಇಲ್ಲದ ನಮ್ಮತ್ತೆ. ದೀಪ ಹಚ್ಚಿದ ಮೇಲೆ ಮನೆಯೊಳಗೆ 'ಇಲ್ಲ' ಅನ್ನಬಾರದು, 'ಆಗಲಿಲ್ಲ' ಅನ್ನಬಾರದು, 'ಹೋಯ್ತು' ಅಂತೂ ಬಾಯಲ್ಲಿ ಬರಲೇಬಾರದು. ಲಕ್ಷ್ಮಿ ಒಳಗೆ ಕಾಲಿಡುವ ಹೊತ್ತಿನಲ್ಲಿ ಕೇಳಿಸಿಕೊಂಡು ಹಿಂದಕ್ಕೆ ತಿರುಗಿಬಿಟ್ಟರೆ? ಅಕ್ಕಿ ಮುಗಿದರೆ 'ತುಂಬಿದೆ' ಅನ್ನಬೇಕು, ಬಳೆ ಒಡೆದರೆ 'ಹೆಚ್ಚಿತು' ಅನ್ನಬೇಕು. ಇದು ನಮ್ಮ ತವರಲ್ಲೂ ಇದ್ದದ್ದೇ. ಆದರೆ ಮಂಡಿಯಲ್ಲಿ ಕೊಬ್ಬರಿ ಧಾರಣೆ ಬಿದ್ದದ್ದಕ್ಕೆ, ಮಗಳು ಮಂಗಳ ಲೆಕ್ಕದಲ್ಲಿ ಫೇಲಾದದ್ದಕ್ಕೆ ಹಿರಿಯರು ಯಾವ ಮಾತನ್ನೂ ಮಾಡಿಟ್ಟು ಹೋಗಿಲ್ಲವಲ್ಲ. ಆ ಜಾಗಕ್ಕೆ ನಮ್ಮ ಯಜಮಾನರು ಇಂಗ್ಲಿಷನ್ನು ತಂದು ಕೂರಿಸಿದರು. ದೇವರಿಗೆ ಇಂಗ್ಲಿಷ್ ತಿಳಿಯದು ಎಂದಲ್ಲ. ತಿಳಿದರೂ, ಇದು ಈ ಮನೆಯ ಮಾತಲ್ಲ, ಯಾರೋ ದಾರಿಯಲ್ಲಿ ಆಡಿಕೊಂಡು ಹೋದದ್ದು ಎಂದು ಬಿಟ್ಟುಬಿಡುತ್ತಾನೆ ಎನ್ನುವುದು ಅವರ ಲೆಕ್ಕಾಚಾರ.

ಹೀಗಾಗಿ ನಮ್ಮ ಮನೆಯ ನಿರಾಸೆಗಳಿಗೆಲ್ಲ ಇಂಗ್ಲಿಷಿನಲ್ಲೇ ನಾಮಕರಣವಾಗಿದೆ. ಧಾರಣೆ ಇಳಿದರೆ 'ಡಲ್'. ಮಗಳ ಮಾರ್ಕಿಗೆ 'ಬ್ಯಾಡ್ ಲಕ್'. ಬೀದಿ ನಲ್ಲಿಯಲ್ಲಿ ನೀರು ಬಾರದಿದ್ದರೆ 'ಹೋಪ್‌ಲೆಸ್'. ನೆಂಟರು ಬರುತ್ತೇನೆಂದು ಬಾರದಿದ್ದರೆ 'ಡಿಸಪಾಯಿಂಟ್ ಆಯ್ತು'. 'ಅನ್‌ಫಾರ್ಚುನೇಟ್ಲಿ' ಮಾತ್ರ ಪೆಟ್ಟಿಗೆಯ ತಳದಲ್ಲಿರುವ ರೇಷ್ಮೆ ಪಂಚೆಯ ಹಾಗೆ, ದೊಡ್ಡ ಸಂದರ್ಭಕ್ಕೇ ಹೊರಗೆ ಬರುವುದು. ಅದನ್ನು ನನಗಾಗಿ ತೆಗೆದರಲ್ಲ ಎಂದು ಆ ಸಂಕಟದಲ್ಲೂ ನನಗೆ ಒಂದು ಚೂರು ಹೆಮ್ಮೆಯಾಯಿತು.

ನಿಜಕ್ಕೂ ತಪ್ಪು ನನ್ನದೇ. ರೇಡಿಯೋದವರು ಬೆಂಗಳೂರಿಗೆ ಕರೆಸಿ ಧ್ವನಿ ಪರೀಕ್ಷೆ ಮಾಡಿದಾಗ, ಗೋಡೆಗೆಲ್ಲ ಮೆತ್ತೆ ಹೊದಿಸಿದ ಕೋಣೆಯೊಳಗೆ ಒಬ್ಬಳನ್ನೇ ಕೂರಿಸಿದರು. ಕೆಂಪು ದೀಪ ಹತ್ತಿದಾಗ ಶುರುಮಾಡಿ, ಆರಿದಾಗ ನಿಲ್ಲಿಸಿ ಎಂದರು. ನಾನು ಹಾಡಬೇಕಾದದ್ದು ಒಂದು ವಚನ. ಆದರೆ ಸೋಮವಾರದ ಭಜನೆಯಲ್ಲಿ ನಾವು ನೇರವಾಗಿ ವಚನಕ್ಕೆ ಕೈಹಾಕುವುದುಂಟೇ? ಮೊದಲು ಗುರುವಿಗೆ, ಆಮೇಲೆ ಗಣಪತಿಗೆ, ಆಮೇಲೆ ಮನೆದೇವರಿಗೆ, ಆಮೇಲೆ ಊರ ದೇವರಿಗೆ. ಹಾಗೆಯೇ ಕಣ್ಣು ಮುಚ್ಚಿಕೊಂಡು ಒಬ್ಬೊಬ್ಬರನ್ನೇ ನೆನೆಯುತ್ತಾ ಬಂದೆ. ಬೆಂಗಳೂರಿನವರೆಗೆ ಬಂದು ಅಲ್ಲಿಯ ದೇವರನ್ನು ಬಿಟ್ಟರೆ ಚೆನ್ನಾಗಿರುತ್ತದೆಯೇ ಎಂದು ಅವರನ್ನೂ ಸೇರಿಸಿಕೊಂಡೆ. ವಚನದ ಮೊದಲ ಸಾಲಿಗೆ ಬಂದು ಕಣ್ಣು ಬಿಟ್ಟರೆ ಕೆಂಪು ದೀಪ ಆರಿಹೋಗಿತ್ತು. ಕನ್ನಡಕದ ಹೆಣ್ಣುಮಗಳೊಬ್ಬಳು ಬಾಗಿಲು ತೆಗೆದು, "ಸಾಕಮ್ಮಾ, ಥ್ಯಾಂಕ್ಯೂ" ಎಂದಳು. ಇಷ್ಟು ವರ್ಷ ಅಡಿಗೆ ಮಾಡಿ ಬಡಿಸಿದವಳಿಗೆ ಒಬ್ಬರೂ ಆ ಮಾತು ಅಂದಿರಲಿಲ್ಲ. ನಾನು ಪಾಸಾದೆ ಎಂದೇ ತಿಳಿದು, ತಿಪಟೂರಿಗೆ ಬಂದವಳೇ ಬೀದಿಗೆಲ್ಲ ಸಾರಿಬಿಟ್ಟೆ.

ಬೀದಿಯವರದ್ದು ಹೋಗಲಿ, ಅವರು ನಾಳೆ ಮರೆಯುತ್ತಾರೆ. ಹಂದನಕೆರೆಯಲ್ಲಿ ಸೊಂಟ ಬಿದ್ದು ಮಲಗಿರುವ ನಮ್ಮಮ್ಮನಿಗೂ ಹೇಳಿ ಕಳಿಸಿದ್ದೆನಲ್ಲ. ನನಗೆ ಹಾಡು ಕಲಿಸಿದವಳು ಅವಳೇ. ಅಣ್ಣ ರೇಡಿಯೋವನ್ನು ತಂದು ಅವಳ ದಿಂಬಿನ ಪಕ್ಕ ಇಟ್ಟಿದ್ದ. ಬೆಳಗಿನ ಭಕ್ತಿಗೀತೆ ಮುಗಿದರೂ ಆರಿಸಲು ಬಿಡುವುದಿಲ್ಲವಂತೆ. "ಇರ್ಲಿ ಕಣ್ಲಾ, ಪಾರ್ವತಿದು ಇನ್ನೂ ಬಂದಿಲ್ಲ" ಅನ್ನುತ್ತಾಳಂತೆ.

ಯಜಮಾನರು ಇನ್ನೂ ನಿಂತೇ ಇದ್ದರು. "ವಾಯ್ಸ್ ಈಸ್ ಗುಡ್ ಅಂದ್ರು ಕಣೇ. ಬಟ್..." ಎಂದರು. ಈ 'ಬಟ್' ನಮ್ಮ ಮನೆಯ ಹೊಸ್ತಿಲಿದ್ದ ಹಾಗೆ. ಎಡವುವುದೆಲ್ಲ ಅದನ್ನು ದಾಟುವಾಗಲೇ. ಮೂಲೆಯಲ್ಲಿ ಓದಿಕೊಳ್ಳುತ್ತಿದ್ದ ಮಂಗಳ ತಲೆಯೆತ್ತಿ, "ಬ್ಯಾಡ್ ಲಕ್ ಅಮ್ಮ" ಎಂದಳು. ಸಕ್ಕರೆ ಕಡ ಕೇಳಲು ಬಂದ ಪಕ್ಕದ ಮನೆ ಗಂಗಕ್ಕ ಬಾಗಿಲಲ್ಲೇ ನಿಂತು, "ವೆರಿ ಸಾರಿ ಕಣೇ ಪಾರ್ವತಿ. ನಮ್ಮ ಬೀದೀಲಿ ನಿನ್ನಂಗೆ ಹಾಡೋರು ಯಾರವ್ರೆ? ಬುಡು, ಆ ರೇಡಿಯೋನೂ ಒಂದು ರೇಡಿಯೋನಾ" ಎಂದು ಸಕ್ಕರೆ ಇಸಿದುಕೊಂಡು ಹೋದಳು.

ಎಲ್ಲರೂ ಪ್ರೀತಿಯಿಂದಲೇ ಅಂದದ್ದು. ಆದರೆ ನೋಡಿ, ಕನ್ನಡದಲ್ಲಿ ನಿರಾಸೆಯಾದರೆ ಮೈಯಲ್ಲಿ ಎಲ್ಲಾದರೂ ಒಂದು ಕಡೆ ಆಗುತ್ತದೆ. ಎದೆ ಧಸಕ್ಕೆನ್ನುತ್ತದೆ, ಹೊಟ್ಟೆಯೊಳಗೆ ಕಲಸಿದಂತಾಗುತ್ತದೆ, ಕೈಕಾಲು ಸೋಲುತ್ತದೆ. ಇಂಗ್ಲಿಷಿನದು ಎಲ್ಲೂ ತಾಗುವುದಿಲ್ಲ. ಕೊಡೆಯ ಮೇಲೆ ಬಿದ್ದ ಹನಿಯಂತೆ ಜಾರಿಹೋಗುತ್ತದೆ. ಹೇಳುವವರಿಗೆ ಅದು ಸುಖ. ಕೇಳಿಸಿಕೊಂಡವಳ ಎದೆ ಮಾತ್ರ, ನನಗೇನಾಯಿತು ಯಾರಾದರೂ ಹೇಳಿ ಎಂದು ಕಾಯುತ್ತಾ ಕೂತಿರುತ್ತದೆ.

ಅಷ್ಟರಲ್ಲಿ ಅತ್ತೆ ಕೈಯಲ್ಲಿದ್ದ ಕಾಳು ಕೆಳಗಿಟ್ಟು ಮಗನನ್ನು ಕೇಳಿದರು. "ಆಗ್ಲಿಲ್ವೇನೋ?"

ದೀಪ ಉರಿಯುತ್ತಲೇ ಇತ್ತು. ಯಜಮಾನರು ಗಾಬರಿಯಾಗಿ, "ಅಮ್ಮಾ, ದೀಪ..." ಎಂದರು.

"ಇರ್ಲಿ ಬುಡು. ದೀಪಕ್ಕೂ ಗೊತ್ತಾಗ್ಲಿ" ಎಂದ ಅತ್ತೆ ನನ್ನ ಕಡೆ ತಿರುಗಿದರು. "ಬರ್ಬೇಕಿತ್ತು ಕಣೇ. ನಂಗೂ ಆಸೆ ಇತ್ತು. ನಿಮ್ಮಮ್ಮ ಬೇರೆ ಕಾಯ್ತಾ ಅವ್ರೆ. ಎಷ್ಟು ಹೊಟ್ಟೆ ಉರೀತದೆ."

ನಾನು ಅತ್ತುಬಿಟ್ಟೆ. ಕಣ್ಣೀರು ಮೊರದ ಮೇಲೆಯೇ ಬಿತ್ತು. ಸಿಪ್ಪೆಗೂ ಬೇಳೆಗೂ ವ್ಯತ್ಯಾಸ ಕಾಣಲಿಲ್ಲ. ಅತ್ತೆ ಮೊರವನ್ನು ತಮ್ಮ ಕಡೆಗೆ ಎಳೆದುಕೊಂಡರು. ಉಳಿದ ಕಾಳು ಹಿದುಕುತ್ತಾ, "ಭಾನುವಾರ ಹಂದನಕೆರೆಗೆ ಹೋಗಿ ಬಾ. ಅವ್ರ ಪಕ್ಕದಲ್ಲೇ ಕೂತ್ಕೊಂಡು ಹಾಡು. ಎಲ್ಲ ದೇವರನ್ನೂ ನೆನೆದೇ ಹಾಡು, ಅವ್ರಿಗೇನು ಅವಸರ" ಎಂದರು. ಶಿವ ದೊಡ್ಡವನು. ರೇಡಿಯೋದವರ ಮನಸ್ಸಿಗೆ ನನ್ನನ್ನು ತರದಿದ್ದರೂ ಹಂದನಕೆರೆಯ ಬಸ್ಸಿನ ದಾರಿಯನ್ನಾದರೂ ನಮ್ಮತ್ತೆಯ ಮನಸ್ಸಿಗೆ ತಂದ.

ಊಟಕ್ಕೆ ಕೂತಾಗ ಯಜಮಾನರು ನನ್ನ ಕೆಂಪು ಕಣ್ಣನ್ನು ನೋಡಿ ತುತ್ತು ಕೈಯಲ್ಲೇ ಹಿಡಿದುಕೊಂಡು, ಅಪರೂಪಕ್ಕೆ ಕನ್ನಡದಲ್ಲಿ, "ತುಂಬಾ ಬೇಜಾರಾಯ್ತೇನೇ?" ಎಂದರು. ಇಷ್ಟೆಲ್ಲ ಯೋಚನೆ ಮಾಡಿದ್ದೆನಲ್ಲ, ಹೂಂ ಅಂದುಬಿಡಬಹುದಿತ್ತು. ನನ್ನ ಬಾಯಿಂದ ಬಂದದ್ದು, "ನೋ ನೋ, ನಥಿಂಗ್."

ಮಂಗಳ ಕಿಸಕ್ಕೆಂದಳು. ಯಜಮಾನರು ನೆಮ್ಮದಿಯಾಗಿ ತುತ್ತನ್ನು ಬಾಯಿಗಿಟ್ಟುಕೊಂಡರು. ಕಾಯಿಸಿದ ಹಾಲು ಉಗುರುಬೆಚ್ಚಗಾಗಿತ್ತು. ನಾನು ಹೆಪ್ಪು ಹಾಕಲು ಎದ್ದೆ.