ಜೈಪುರಕ್ಕೆ ಹೊರಟ ಮುತ್ತುರಾಜ

ಲಾಳಿ ನಾಲ್ಕು ಸಲ ಆಚೀಚೆ ಓಡಿತ್ತೋ ಇಲ್ಲವೋ, ಮೊಬೈಲಿನ ಪರದೆಯ ಮೇಲೆ ಅಂಕಿತಾ ಮೇಡಂ ಬಾಯಿ ತೆರೆದವರು ತೆರೆದಂತೆಯೇ ನಿಂತುಬಿಟ್ಟರು. ತನ್ನ ಕೈಚಳಕ ಕಂಡು ಬೆರಗಾಗಿದ್ದಾರೆಂದುಕೊಂಡ ಮುತ್ತುರಾಜ ಹುರುಪಿನಿಂದ ಇನ್ನಷ್ಟು ಜೋರಾಗಿ ಮಗ್ಗ ಬಡಿದ. ಮೇಡಂ ಬಾಯಿ ಮುಚ್ಚಲಿಲ್ಲ, ಕಣ್ಣೂ ಮಿಟುಕಿಸಲಿಲ್ಲ. ಇಷ್ಟೊಂದು ಬೆರಗು ಒಳ್ಳೆಯದಲ್ಲವಲ್ಲ ಎಂದು ಅವನಿಗೆ ಅನುಮಾನ ಬರುವಷ್ಟರಲ್ಲಿ ಪಡಸಾಲೆಯಿಂದ ಹೆಂಡತಿ ಬನಶಂಕರಿ ಕೂಗಿದಳು.

“ರೀ, ಮೋಡೆಮ್ಮಿನ ಹಸರ ದೀಪ ಕೆಂಪಾತ ನೋಡ್ರಿ! ನೆಟ್ ಹೋತು!”

ಬೆಟಗೇರಿಯ ಆ ಓಣಿಯಲ್ಲಿ ಈಗ ಕೈಮಗ್ಗದ ಸದ್ದು ಕೇಳುವುದು ಮುತ್ತುರಾಜನ ಮನೆಯಿಂದ ಮಾತ್ರ. ಉಳಿದವರು ಒಬ್ಬೊಬ್ಬರಾಗಿ ಅಂಗಡಿ, ಪ್ರಿಂಟಿಂಗ್ ಪ್ರೆಸ್ಸು, ಬ್ಯಾಂಕು ಎಂದು ಹಂಚಿಹೋಗಿದ್ದರು. ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಕುಣಿಕೆ ಹಾಕಿ ಕೂಡಿಸುವ ವಿದ್ಯೆ ಅವನಿಗೆ ಅಪ್ಪನಿಂದ ಬಂದದ್ದು. ಅವನಿಂದ ಅದನ್ನು ಕೇಳಿ ಕಲಿಯುವವರು ಯಾರೂ ಇರಲಿಲ್ಲ. ತನ್ನ ಕೈಯಲ್ಲಿದ್ದದ್ದು ತನ್ನ ಕೈಯಲ್ಲೇ ಮುಗಿಯುತ್ತದಲ್ಲ ಎಂಬ ಸಂಕಟ ಊಟದ ಹೊತ್ತಿಗೂ ಅವನನ್ನು ಬಿಡುತ್ತಿರಲಿಲ್ಲ.

ಹೀಗಿರುವಾಗ ಅಂಕಿತಾ ಮೇಡಂ ಬಂದರು. ಲಕ್ಷ್ಮೇಶ್ವರದ ಹೆಣ್ಣುಮಗಳು, ಜೈಪುರದ ಒಂದು ಕಾಲೇಜಿನಲ್ಲಿ ನೇಯ್ಗೆಯ ಪಾಠ ಹೇಳುವವರು. ದೀಪಾವಳಿಗೆ ಊರಿಗೆ ಬಂದಾಗ ಅವನ ಕೆಲಸ ನೋಡಿ, “ಕಾಕಾ, ಇದನ್ನ ಮೊದಲ ವಿಡಿಯೋದಾಗ ನಮ್ಮ ಪ್ರಿನ್ಸಿಪಾಲರು, ಹುಡುಗರು ನೋಡ್ಲಿ. ಹಿಡಿಸಿತಂದ್ರ ಮುಂದಿನ ಮಾತು” ಎಂದಿದ್ದರು. ಈ ‘ಮುಂದಿನ ಮಾತು’ ಓಣಿಯ ತುದಿ ಮುಟ್ಟುವಷ್ಟರಲ್ಲಿ ಮುತ್ತುರಾಜ ವಿಮಾನ ಹತ್ತಿ ಜೈಪುರದಲ್ಲಿ ಇಳಿದು ಕಾಲೇಜಿನ ಮಾಸ್ತರನಾಗಿದ್ದ. ಮೂರ್ನಾಲ್ಕು ಮಂದಿ ಬಂದು ಶುಭಾಶಯ ಹೇಳಿದ ಮೇಲೆ ಅವನೂ ಅದನ್ನು ನಂಬಿದ. ಬನಶಂಕರಿ ಹೊಸ ಜುಬ್ಬ ಹೊಲಿಸಿಟ್ಟಳು.

ಇವತ್ತು ನಾಲ್ಕು ಗಂಟೆಗೆ ಆ ವಿಡಿಯೋ. ಬೆಳಗಿನದು ಬರೀ ತಾಲೀಮು, ಅದೂ ನಡುವೆಯೇ ನಿಂತುಹೋಗಿತ್ತು.

ಮೊಬೈಲಿನ ಸಿಗ್ನಲ್ಲನ್ನು ನಂಬುವಂತಿರಲಿಲ್ಲ. ಆ ಮನೆಯ ಮಣ್ಣಿನ ಗೋಡೆಗಳು ಎಮ್ಮೆಯ ಮೈಯಷ್ಟು ದಪ್ಪ. ಸಿಗ್ನಲ್ ಬೇಕೆಂದರೆ ಮಾಳಿಗೆ ಹತ್ತಬೇಕು, ನೆಲದಲ್ಲಿ ಕುಣಿ ತೋಡಿ ಹೂತ ಮಗ್ಗವನ್ನು ಮಾಳಿಗೆಗೆ ಹತ್ತಿಸಲು ಬಾರದು. ಮಗಳ ಆನ್‌ಲೈನ್ ಪಾಠಕ್ಕೆಂದು ಹಿಂದೆ ಹಾಕಿಸಿದ್ದ, ಅಪ್ಪನ ಕಾಲದ ಲ್ಯಾಂಡ್‌ಲೈನ್ ತಂತಿಯಲ್ಲಿ ಬರುವ ಇಂಟರ್ನೆಟ್ಟೇ ಗತಿ. ಆ ತಂತಿಯೆಂದರೆ ಮುತ್ತುರಾಜನಿಗೆ ಗುಡಿಯೊಳಗೆ ನಿಂತಂಥ ಭಯಭಕ್ತಿ. ಒಂದಕ್ಕೊಂದು ಹೊಸೆದ ಎರಡೇ ಎರಡು ತಾಮ್ರದ ಎಳೆ! ಎರಡೆಳೆಯಲ್ಲಿ ತಾನು ಒಂದು ಕರವಸ್ತ್ರವನ್ನೂ ನೇಯಲಾರ. ಅದೇ ಎರಡೆಳೆ ಹಿಡಿದು ಮನುಷ್ಯರ ಮುಖ, ಮಾತು, ನಗು ಎಲ್ಲ ಜೈಪುರದಿಂದ ಬೆಟಗೇರಿಗೆ ಬರುತ್ತವೆ. ನೇಯ್ದವರು ಯಾರು, ಎಲ್ಲಿ ಕುಂತು ನೇಯ್ದರು ಎಂದು ಅವನು ಎಷ್ಟೋ ಸಲ ತಂತಿಯನ್ನೇ ನೋಡುತ್ತ ನಿಂತಿದ್ದುಂಟು.

ಬನಶಂಕರಿಯ ಕೂಗಿಗೆ ಮೊದಲು ಓಡಿಬಂದವರು ಎದುರುಮನೆಯ ಗೋಪಣ್ಣ. ನೀರಾವರಿ ಇಲಾಖೆಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ನೀರೊಂದನ್ನು ಬಿಟ್ಟು ಉಳಿದೆಲ್ಲ ವಿಷಯದಲ್ಲೂ ಸಲಹೆ ಕೊಡಬಲ್ಲವರು.

“ಮುತ್ತೂ, ಮಗ್ಗ ಬಿಟ್ಟು ಎದ್ದ ಬಾ ಇಲ್ಲೆ. ಇದನ್ನ ಬಂದ್ ಮಾಡಿ ಚಾಲೂ ಮಾಡಬೇಕು. ಅಷ್ಟ.”

ಮುತ್ತುರಾಜ ಕುಣಿಯಿಂದೆದ್ದು ಬಂದ. ಗೋಪಣ್ಣ ಸ್ವಿಚ್ ಆರಿಸಿ, ಕಣ್ಣು ಮುಚ್ಚಿ, ಏನೋ ಎಣಿಸಿ ಮತ್ತೆ ಹಾಕಿದರು. ದೀಪ ಮಿಣಮಿಣ ಅಂದು, ಹಸಿರಾಗಿ ಗಟ್ಟಿಯಾಗಿ ನಿಂತಿತು.

“ನೋಡಿದ್ಯಾ!” ಗೋಪಣ್ಣ ಸೊಂಟದ ಮೇಲೆ ಕೈಯಿಟ್ಟರು.

ಮುತ್ತುರಾಜ ಅವರಿಗೆ ಕೈಮುಗಿದು ಮಗ್ಗಕ್ಕೆ ಹೋಗಿ ಕುಳಿತ. ಬಡಿದ. ದೀಪ ಕೆಂಪಾಯಿತು.

“ಡಬ್ಬಿ ಕಾದೈತಿ” ಎಂದು ಗೋಪಣ್ಣ ತೀರ್ಪು ಕೊಟ್ಟು ತಮ್ಮ ಮನೆಯ ಟೇಬಲ್ ಫ್ಯಾನ್ ಹೊತ್ತು ತಂದು ಮೋಡೆಮ್ಮಿಗೆ ಗಾಳಿ ಬಿಟ್ಟರು. ಅದರ ವ್ಯವಸ್ಥೆ ನೋಡಲು ಮುತ್ತುರಾಜ ಎದ್ದು ಬಂದ. ದೀಪ ಹಸಿರಾಯಿತು. ಅಷ್ಟರಲ್ಲಿ ಪಕ್ಕದ ಮನೆಯ ರಮಜಾನಬಿ ಚಾಚಿ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಒಳಗೆ ಬಂದರು.

“ಹಾಯ್ ಅಲ್ಲಾ! ಗೋಪಣ್ಣಾ, ಫ್ಯಾನ್ ಯಾಕ? ಡಬ್ಬಿಗೇನ ಜ್ವರ ಬಂದಾವೇನು? ಫ್ರಿಜ್ ಬಾಜೂಕ ಇಟ್ಟಾರ, ಅದಕ್ಕ ಕೆಡಾಕ ಹತ್ತೈತಿ. ನನ್ನ ಮಗನ ಮನ್ಯಾಗೂ ಹಿಂಗ ಆಗಿತ್ತು. ಫ್ರಿಜ್ ಸರಸು ಬೇಟಾ.”

ಮುತ್ತುರಾಜ ಫ್ರಿಜ್ಜಿಗೆ ಹೆಗಲು ಕೊಟ್ಟ. ಒಳಗಿದ್ದ ಮೊಸರಿನ ಪಾತ್ರೆ ಮಗುಚಿತು. ಆದರೆ ದೀಪ ಮಾತ್ರ ಹಸಿರಾಗಿಯೇ ಇತ್ತು.

“ನನ್ನ ಫ್ಯಾನಿನ ಪ್ರತಾಪ” ಎಂದರು ಗೋಪಣ್ಣ.

“ಫ್ರಿಜ್ ಸರಿಸಿದ್ದಕ್ಕ” ಎಂದರು ಚಾಚಿ.

ಮುತ್ತುರಾಜ ಇಬ್ಬರಿಗೂ ಹೌದೆಂದು ಮಗ್ಗಕ್ಕೆ ಕುಳಿತ. ಕೆಂಪು.

ಊಟದ ಹೊತ್ತಿಗೆ ಪಡಸಾಲೆ ಸಂತೆಯಾಗಿತ್ತು. ಒಬ್ಬರು ಹಳೆಯ ಟೆಲಿಫೋನು ಕಿತ್ತಿಟ್ಟರು, ಇನ್ನೊಬ್ಬರು ಬೇರೆ ವೈರು ತಂದು ಚುಚ್ಚಿದರು, ಮತ್ತೊಬ್ಬರು ಮೋಡೆಮ್ಮನ್ನು ದೇವರ ಜಗಲಿಯ ಮೇಲೆ ಏರಿಸಿದರು. ಏನು ಮಾಡಿದರೂ, ಅದನ್ನು ನೋಡಲು ಮುತ್ತುರಾಜ ಎದ್ದು ಬಂದ ಕೂಡಲೇ ದೀಪ ಹಸಿರಾಗುತ್ತಿತ್ತು. ಮಾಡಿದವರು ಬೀಗುತ್ತಿದ್ದರು. ಅವನು ಮಗ್ಗಕ್ಕೆ ಮರಳಿದರೆ ಕೆಂಪಾಗುತ್ತಿತ್ತು. ಹೀಗೆ ಅಲೆದಲೆದು ಅವನ ಕಾಲುಗಳು ನೂಲಿನಂತೆ ಸಡಿಲಾದವು.

ಕೊನೆಗೆ ಲೈನ್‌ಮನ್ ಇಲಿಯಾಸ ಬಂದ. ಏಣಿ ಇಟ್ಟು ಕಂಬ ಹತ್ತಿದವನು ಮೇಲಿನಿಂದಲೇ ಅರಚಿದ.

“ಫೋನಿನ ವೈರ್ ಮ್ಯಾಲ ಯಾರದರೀ ಇದು ಧೋತರ? ಇದೇನ ಅರಿಬಿ ಒಣಹಾಕೋ ಹಗ್ಗೇನು?”

ಓಣಿಯೆಲ್ಲ ಗೋಪಣ್ಣನ ಕಡೆ ತಿರುಗಿತು. “ಬಿಸಲ ಚಲೋ ಬೀಳತೈತಿ ಅಲ್ಲಿ” ಎಂದು ಅವರು ಮೆಲ್ಲಗೆ ಹೇಳಿದರು. ಇಲಿಯಾಸ ಧೋತರ ಇಳಿಸಿ, ಕಂಬದ ಮೇಲಿನ ಜೋಡಣೆ ಬಿಚ್ಚಿ ಇರುವೆಗೂಡು ಝಾಡಿಸಿ ಹೊಸದಾಗಿ ಕಟ್ಟಿದ. ಕೆಳಗಿಳಿದು ಮೋಡೆಮ್ಮಿನ ಮುಂದೆ ಮುತ್ತುರಾಜನನ್ನು ನಿಲ್ಲಿಸಿ ತೋರಿಸಿದ. ಹಸಿರು.

“ಅಣ್ಣಾರ, ಇನ್ನ ಕುದರಿ ಓಡಿದಂಗ ಓಡತೈತಿ” ಎಂದು ಬೈಕಿಗೆ ಕಿಕ್ ಹೊಡೆದ. ಬೈಕು ಓಣಿ ದಾಟುವ ಮೊದಲೇ ಮುತ್ತುರಾಜ ಮಗ್ಗ ಬಡಿದಿದ್ದ, ದೀಪ ಕೆಂಪಾಗಿತ್ತು. ಚಾಚಿ ಕೈಬೀಸಿ ಕೂಗಿ ಇಲಿಯಾಸನನ್ನು ವಾಪಸ್ ತಿರುಗಿಸಿದ್ದರು.

“ಮುತ್ತೂ, ತಪ್ಪ ತಿಳಕೋಬ್ಯಾಡ” ಗೋಪಣ್ಣ ಗಂಭೀರವಾಗಿ ಹೇಳಿದರು. “ನಿನ್ನ ಗ್ರಹಗತಿ ಸರಿ ಇಲ್ಲ. ವಿಮಾನಯೋಗ ಕಾಣವಲ್ದು.”

ಮೂರು ದಾಟಿತ್ತು. ಮುತ್ತುರಾಜ ಕುಣಿಗಿಳಿದು, ಬೇಸರ ಕಳೆಯುವುದಕ್ಕೆ ಅವನಿಗೆ ಗೊತ್ತಿದ್ದ ಒಂದೇ ಕೆಲಸ ಶುರುಮಾಡಿದ. ನೇಯತೊಡಗಿದ.

ಮೋಡೆಮ್ಮಿನ ಮುಂದೆ ಕಾವಲು ಕುಳಿತಿದ್ದ ಬನಶಂಕರಿ ಇದ್ದಕ್ಕಿದ್ದಂತೆ ಕೈಯೆತ್ತಿದಳು.

“ತಡೀರಿ! ಎಲ್ಲಾರೂ ಸುಮ್ಮಕಿರ್ರಿ! ರೀ, ಒಂದ ಸಲ ಬಡೀರಿ.”

ಒಳಗಿನಿಂದ ‘ಧಡ್’ ಎಂಬ ಸದ್ದು ಬಂತು. ದೀಪ ಮಿಣುಕ್ ಎಂದಿತು.

“ಮತ್ತೊಮ್ಮೆ.”

ಧಡ್. ಮಿಣುಕ್.

“ಎರಡ ಸಲ ಬಡೀರಿ.”

ಧಡ್ ಧಡ್. ಮಿಣುಕ್ ಮಿಣುಕ್.

ಗೋಪಣ್ಣ ಚಪ್ಪಲಿ ಕಳೆದು ನಿಂತರು. ಚಾಚಿ ತಲೆಯ ಮೇಲೆ ಸೆರಗು ಎಳೆದುಕೊಂಡರು. ಮುತ್ತುರಾಜನೂ ನೋಡಲೇಬೇಕೆಂದು, ಗೋಪಣ್ಣನನ್ನು ಮಗ್ಗದಲ್ಲಿ ಕೂರಿಸಿ ಬಡಿಸಲಾಯಿತು. ಧಡ್ ಎಂದಾಗೊಮ್ಮೆ ದೀಪ ಕಣ್ಣು ಮುಚ್ಚಿ ತೆರೆಯುವುದನ್ನು ಅವನು ಮಂಡಿಯೂರಿ ನೋಡಿದ. ಅವನಿಗೆ ಮೈ ಜುಮ್ಮೆಂದಿತು. ಕಣ್ಣಿಗೆ ಕಾಣದ ಆ ವಿದ್ಯೆಗೂ ತನ್ನ ಕೈಗೂ ಎಲ್ಲೋ ಗಂಟು ಬಿದ್ದಿತ್ತು!

ಗಂಟು ಎಲ್ಲಿ ಎಂದು ಎಲ್ಲರೂ ಸೇರಿ ತಂತಿಯ ಜಾಡು ಹಿಡಿದರು. ಕಂಬದಿಂದ ಹಿತ್ತಲ ಗೋಡೆಗೆ ಬಂದ ತಂತಿ ತೂತಿನೊಳಗೆ ನುಸುಳಿ, ಮಗ್ಗದ ಕೋಣೆಯ ತೊಲೆಯ ಮೇಲೆ ಹರಿದು ಪಡಸಾಲೆಗೆ ಹೋಗಿತ್ತು. ಮಗ್ಗದ ಬಡಿಯುವ ಹಲಗೆ ಜೋತುಬಿದ್ದದ್ದೂ ಅದೇ ತೊಲೆಗೆ. ಮಸಿ ಕೆರೆದು ನೋಡಿದರೆ, ತೊಲೆಗೆ ಮೊಳೆ ಬಡಿದ ಜಾಗದಲ್ಲಿ ಹಳೆಯ ಜೋಡಣೆಯೊಂದು ಬಾಯಿ ಬಿಟ್ಟುಕೊಂಡಿತ್ತು. ಮಗ್ಗ ಬಡಿದಾಗ ತೊಲೆ ನಡುಗುತ್ತಿತ್ತು, ತೊಲೆ ನಡುಗಿದಾಗ ಎಳೆ ಬಿಡುತ್ತಿತ್ತು.

“ಯಪ್ಪಾ! ಇಂಥಾದ್ದ ಎಲ್ಲೂ ನೋಡಿಲ್ಲ ಬಿಡ್ರಿ” ಎಂದ ಇಲಿಯಾಸ, ತೊಲೆಯ ಸಹವಾಸವೇ ಬೇಡವೆಂದು ಕಿಟಕಿಯಿಂದ ಪಡಸಾಲೆಗೆ ನೇರವಾಗಿ ಹೊಸ ವೈರು ಎಳೆದ. ಗೋಪಣ್ಣ ವೈರಿನ ಸುರುಳಿ ಹಿಡಿದರು, ಚಾಚಿ ಏಣಿ ಹಿಡಿದರು, ಬನಶಂಕರಿ ಗಂಡನಿಗೆ ಹೊಸ ಜುಬ್ಬ ತೊಡಿಸಿದಳು. ಮುತ್ತುರಾಜ ಬಡಿದ. ದೀಪ ಅಲುಗಲಿಲ್ಲ. ಇನ್ನೂ ಜೋರಾಗಿ ಬಡಿದ. ಸೂರಿನಿಂದ ಮಣ್ಣು ಉದುರಿತು. ದೀಪ ಹಚ್ಚಗೆ ಹಾಗೇ ಇತ್ತು. ಓಣಿ ಚಪ್ಪಾಳೆ ತಟ್ಟಿತು.

ನಾಲ್ಕಕ್ಕೆ ಸರಿಯಾಗಿ ಜೈಪುರ ಬಂತು. ಎಷ್ಟು ನಿಚ್ಚಳವಾಗಿ ಬಂತೆಂದರೆ, ಸಾಲಾಗಿ ಕುಳಿತ ಹುಡುಗರ ಕಣ್ಣರೆಪ್ಪೆಗಳು ಕೂಡ ಕಾಣುತ್ತಿದ್ದವು. ಮುತ್ತುರಾಜ ಅವರನ್ನು ನೋಡಿದ. ಆಮೇಲೆ ನೂಲನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಒಡಲಿನ ಎಳೆಗೆ ಸೆರಗಿನ ಎಳೆ ಕೂಡಿಸುತ್ತ, ಅಪ್ಪ ಹೇಳಿಕೊಟ್ಟಿದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಹೋದ; ಮೇಡಂ ಅದನ್ನು ಹುಡುಗರಿಗೆ ಹಿಂದಿಯಲ್ಲಿ ತಿಳಿಸುತ್ತ ಹೋದರು. ಬೆರಳು ಎಲ್ಲಿ ಮಡಚಬೇಕು, ಉಸಿರು ಎಲ್ಲಿ ಹಿಡಿಯಬೇಕು, ಎಳೆ ಹರಿದರೆ ಯಾಕೆ ಸಿಟ್ಟಾಗಬಾರದು, ಒಂದನ್ನೂ ಬಿಡಲಿಲ್ಲ. ಬಾಗಿಲಲ್ಲಿ ನಿಂತ ಗೋಪಣ್ಣ, ತಾವು ದಿನಾ ಕೇಳುತ್ತಿದ್ದ ಮಗ್ಗದ ಸದ್ದಿನೊಳಗೆ ಇಷ್ಟೆಲ್ಲ ಇತ್ತೇ ಎಂದು ಬೆರಗಾಗಿ ಸಲಹೆ ಕೊಡುವುದನ್ನೇ ಮರೆತರು. ಮುಗಿದಾಗ ಜೈಪುರದ ಹುಡುಗರೆಲ್ಲ ಎದ್ದು ನಿಂತಿದ್ದರು. ಪ್ರಿನ್ಸಿಪಾಲರು ಕಣ್ಣೊರೆಸಿಕೊಳ್ಳುತ್ತಿದ್ದರು.

“ಕಾಕಾ,” ಅಂಕಿತಾ ಮೇಡಂ ಪರದೆಯ ಹತ್ತಿರ ಬಂದರು, “ಪ್ರಿನ್ಸಿಪಾಲರಿಗೆ ಭಾಳ ಭಾಳ ಹಿಡಿಸೇತಿ. ಖರೆ ಹೇಳಬೇಕಂದ್ರ ಅವರಿಗೆ ಈ ವಿಡಿಯೋದ ಮ್ಯಾಲ ಭರವಸಿನ ಇರಲಿಲ್ಲ. ಹಳೇ ಲೈನು, ನಡುವ ಕಟ್ಟಾಗೇ ಆಗತೈತಿ, ಆಗ ನಿಮ್ಮನ್ನ ಇಲ್ಲಿಗೇ ಕರಸೂಣಂತ ವಿಮಾನದ ಟಿಕೆಟ್ಟು, ಇರಾಕ ಖೋಲಿ ಎಲ್ಲಾ ಗೊತ್ತುಮಾಡಿ ಇಟ್ಟಿದ್ರು.”

“ಹೌದಾ?” ಮುತ್ತುರಾಜನ ಎದೆ ಲಾಳಿಯಂತೆ ಓಡಿತು.

“ಹೂಂ. ಈಗ ಅದರ ಗರಜೇ ಬೀಳಲಿಲ್ಲ ನೋಡ್ರಿ! ಒಂದ ಸಲನೂ ನಿಲ್ಲಲಿಲ್ಲ. ಮೊದಲಿಂದ ಕಡೀತನಕ ಪೂರಾ ರೆಕಾರ್ಡ್ ಆಗೇತಿ. ಇನ್ನ ವರ್ಷಾ ವರ್ಷಾ ಹೊಸಾ ಹುಡುಗರಿಗೆ ಇದನ್ನ ತೋರಸ್ತೀವಿ. ನಿಮಗ ಈ ವಯಸ್ಸಿನ್ಯಾಗ ಅಷ್ಟ ದೂರ ಬರೋ ತ್ರಾಸ ತಪ್ಪಿತು, ಕಾಕಾ!”

ಪರದೆಯ ತುಂಬ ಮುಗಿದ ಕೈಗಳು. ಮುತ್ತುರಾಜನೂ ಕೈಮುಗಿದ. ಜೈಪುರ ಮಾಯವಾಯಿತು.

ಮಾತು ಪೂರ್ತಿ ಕೇಳಿಸದಿದ್ದ ಓಣಿಯ ಜನ ಒಳಗೆ ನುಗ್ಗಿತು. ಬನಶಂಕರಿ ಎಲ್ಲರಿಗೂ ಸಕ್ಕರೆ ಹಂಚಿದಳು. ಇಲಿಯಾಸ ಚಹಾ ಕುಡಿಯುತ್ತ, “ಏನ್ ಲೈನ್ ಆತ್ರಿ ಅಣ್ಣಾರ! ಇನ್ನ ಮಳಿ ಬಂದ್ರೂ ಅಳ್ಳಾಡಂಗಿಲ್ಲ” ಎಂದು ಮೀಸೆ ಒರೆಸಿದ. ಗೋಪಣ್ಣ ಮುತ್ತುರಾಜನ ಹೆಗಲ ಮೇಲೆ ಕೈ ಹಾಕಿದರು.

“ಹೇಳಪಾ ಮಾಸ್ತರಾ, ಜೈಪುರಕ್ಕ ಯಾವಾಗ ಹೋಗೂದು?”

ಮುತ್ತುರಾಜ ಖಾಲಿ ಪರದೆಯನ್ನೇ ಇನ್ನೂ ನೋಡುತ್ತಿದ್ದ.

“ಹೋಗೂದೇನ್ರಿ ಗೋಪಣ್ಣಾರ, ಆಗ್ಲೇ ಹೋಗಿ ಬಿಟ್ಟೇನ್ರಿ” ಎಂದ. “ಇನ್ನ ಖಾಯಮ್ ಅಲ್ಲೇ ಇರ್ತೇನಂತ. ಇಲ್ಲಿಂದ ಏಳೂದಷ್ಟ ಬ್ಯಾಡಂತ.”