ನಾರ್ಮಲ್ ಆದ ಬೀಪಿಯೂ ನಾನು ಕೊಟ್ಟ ಸಲಹೆಯೂ

ಕೇಳಿದ್ದಕ್ಕೆಲ್ಲ ಉತ್ತರ ಕೊಡುವುದೂ ಒಂದು ಕಾಯಿಲೆ. ಮೇಷ್ಟರುಗಳಿಗೆ ಅದು ಬೇಗ ಅಂಟುತ್ತದೆ. ವಿಜ್ಞಾನದ ಮೇಷ್ಟರಾದರೆ ವಾಸಿಯಾಗುವ ಆಸೆಯನ್ನೇ ಬಿಡಬೇಕು. ನಾನು ಶೀಳನೆರೆಯ ಹೈಸ್ಕೂಲಿಗೆ ಬಂದು ಹದಿನೆಂಟು ವರ್ಷವಾಯಿತು. ಹಸುವಿನ ಕೆಚ್ಚಲುಬಾವಿನಿಂದ ಹಿಡಿದು ಮೊಬೈಲು ಬಿಸಿಯಾಗುವುದರವರೆಗೆ ಊರಿನವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿದ್ದೇನೆ. ‘ಗೊತ್ತಿಲ್ಲ’ ಎಂದದ್ದು ನನ್ನ ಹೆಂಡತಿಯ ಹತ್ತಿರ ಮಾತ್ರ, ಅದೂ ಡಬ್ಬಿಯಲ್ಲಿದ್ದ ಕೋಡುಬಳೆ ಏನಾಯಿತು ಎಂದು ಅವಳು ಕೇಳಿದಾಗ.

ಪಕ್ಕದ ಮನೆಯ ಜವರಪ್ಪ ಮೂರು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವವನು, ಹೆಚ್ಚುಕಡಿಮೆ ನನ್ನ ವಯಸ್ಸಿನವನು. ಬೀಪಿ ಇದೆಯೆಂದು ಗೊತ್ತಾಗಿ ಮಾತ್ರೆ ಶುರುಮಾಡಿದ್ದ. ಒಂದು ಬೆಳಿಗ್ಗೆ ಕಾಂಪೌಂಡಿಗೆ ಒರಗಿ ನಿಂತು ಕೇಳಿದ: “ಮೇಷ್ಟ್ರೇ, ನೆನ್ನೆ ತೋರಿಸ್ದೆ. ಬೀಪಿ ನಾರ್ಮಲ್ಲಾಗ್ಬುಟ್ಟದಂತೆ. ಇನ್ನೂ ಯಾಕ್ ಮಾತ್ರೆ ನುಂಗ್ಬೇಕು?”

ಡಾಕ್ಟರು ಏನೆಂದರು ಎಂದು ನಾನು ಕೇಳಬೇಕಿತ್ತು. ಬದಲಿಗೆ, “ಜ್ವರ ಬಿಟ್ಟ ಮೇಲೂ ಜ್ವರದ ಮಾತ್ರೆ ತಗೋತೀಯೇನಯ್ಯಾ?” ಎಂದೆ. ಆ ಹೋಲಿಕೆ ನನಗೇ ಎಷ್ಟು ಹಿಡಿಸಿತೆಂದರೆ, ಸ್ಟಾಫ್ ರೂಮಿನಲ್ಲೂ ಒಮ್ಮೆ ಹೇಳಿದೆ.

“ಅಂಗನ್ನಿ ಮತ್ತೆ!” ಎಂದು ಅವನು ಖುಷಿಯಾಗಿ ಹೋದ; ಆವತ್ತಿನಿಂದಲೇ ಮಾತ್ರೆ ಬಿಟ್ಟ.

ಇನ್ನು ನಾಚಿಕೆಯ ಸಂಗತಿ. ನನಗೂ ಬೀಪಿ ಇತ್ತು. ನಾಲ್ಕು ವರ್ಷದಿಂದ ಒಂದು ದಿನವೂ ತಪ್ಪದೆ ಮಾತ್ರೆ ನುಂಗುತ್ತಿದ್ದೆ. ಮಕ್ಕಳಿಗೆ ಆರೋಗ್ಯ ಬೋಧಿಸುವವನಿಗೆ ಕಾಯಿಲೆಯೆಂದರೆ ಮರ್ಯಾದೆಯ ಪ್ರಶ್ನೆಯಲ್ಲವೇ? ಅದಕ್ಕೇ ಮಾತ್ರೆಗಳನ್ನು ಲವಂಗದ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದೆ. ಜವರಪ್ಪನಿಗೆ ಸಲಹೆ ಕೊಡುವಾಗಲೂ ಆ ದಿನದ ಮಾತ್ರೆ ನನ್ನ ಹೊಟ್ಟೆಯಲ್ಲಿ ಕರಗುತ್ತಿತ್ತು.

ಎರಡು ತಿಂಗಳ ಮೇಲೆ, ಬೆಳಗಿನ ಹಾಲು ಕರೆಯುವಾಗ ಅವನ ಬಲಗೈಯಿಂದ ಬಕೆಟ್ಟು ಜಾರಿತು. ಹಸು ಒದೆಯಿತೆಂದುಕೊಂಡು ಅದನ್ನು ಬೈಯಲು ಹೋದ; ಬೈಗುಳ ತೊದಲಿತು. ಅವನ ಹೆಂಡತಿ ಸಣ್ಣಮ್ಮ ಕೂಗಿಕೊಂಡಳು. ಕಾರು ಹಿಡಿದು ಕೆ.ಆರ್. ಪೇಟೆಗೆ ಹೋದೆವು, ಅಲ್ಲಿಂದ ಮೈಸೂರಿಗೆ. ಜೀವ ಉಳಿಯಿತು. ಮಾತು ಅರ್ಧ ಮರಳಿತು, ಬಲಗೈ ಮರಳಲಿಲ್ಲ.

“ಬೀಪಿ ನಾರ್ಮಲ್ ಆಗಿದ್ದೇ ಮಾತ್ರೆಯಿಂದ” ಎಂದರು ಅಲ್ಲಿನ ಡಾಕ್ಟರು. “ಒತ್ತಡ ಜಾಸ್ತಿಯಾದರೆ ರಕ್ತನಾಳದ ಗೋಡೆ ದಿನಾ ಪೆಟ್ಟು ತಿಂದು ತಿಂದು ಗಡುಸಾಗುತ್ತೆ. ಮಾತ್ರೆ ನಾಳವನ್ನು ಸಡಿಲ ಮಾಡಿ ಗೋಡೆಗೆ ಬಿಡುವು ಕೊಡುತ್ತೆ. ಬರೀ ನಂಬರು ಇಳಿಸೋದಲ್ಲ ಅದರ ಕೆಲಸ. ನಿಲ್ಲಿಸಿ ಅಂತ ಯಾರು ಹೇಳಿದ್ದು?”

ಸಣ್ಣಮ್ಮ ನನ್ನ ಮುಖ ನೋಡಿದಳು. ಅವಳು ಹೇಳಲಿಲ್ಲ. ನಾನೂ ಹೇಳಲಿಲ್ಲ. ಈ ಒಂದು ಪ್ರಶ್ನೆಗೆ ಸರಿಯಾದ ಉತ್ತರ ನನಗೆ ಖಚಿತವಾಗಿ ಗೊತ್ತಿತ್ತು.

ಅವನನ್ನು ಮನೆಗೆ ಕರೆತಂದ ಮೂರನೆಯ ದಿನ ಹೋಗಿ, ಹಾಸಿಗೆಯ ಪಕ್ಕ ಕೂತು, ಲವಂಗದ ಡಬ್ಬಿಯ ಸಮೇತ ಎಲ್ಲವನ್ನೂ ಹೇಳಿದೆ. ಜವರಪ್ಪ ಒಂದೊಂದೇ ಪದ ಎಳೆದು ತಂದ: “ಅಂಗಾರೆ... ನೀವು ನುಂಗ್ತಿದ್ರಿ. ನಂಗೆ... ಬ್ಯಾಡ ಅಂದ್ರಿ.”

ನನಗೆ ಅಳು ತಡೆಯಲಾಗಲಿಲ್ಲ. ಅವನು ಎಡಗೈಯಿಂದ ನನ್ನ ಮೊಣಕಾಲು ತಟ್ಟಿದ. “ಅಳ್ಬ್ಯಾಡಿ ಮೇಷ್ಟ್ರೇ. ಬೀಪಿ ಏರ್ತದೆ.”

ಅದು ಕ್ಷಮೆಯೋ ಚುಚ್ಚುಮಾತೋ ಈವತ್ತಿಗೂ ಗೊತ್ತಿಲ್ಲ. ಈಗ ಹಾಲು ಕರೆಯುವವಳು ಸಣ್ಣಮ್ಮ. ಆ ಕೆಲಸ ಮುಗಿಸಿ ದಿನಾ ನನ್ನನ್ನು ಕಾಂಪೌಂಡಿನಾಚೆಯಿಂದ ಕರೆಯುತ್ತಾಳೆ. ಅವರ ಜಗಲಿಯಲ್ಲಿ ಜವರಪ್ಪನೂ ನಾನೂ ಅಕ್ಕಪಕ್ಕ ಕೂತು, ಅವಳ ಕಣ್ಣೆದುರಿಗೇ ನಮ್ಮ ನಮ್ಮ ಮಾತ್ರೆ ನುಂಗುತ್ತೇವೆ. ಅವನು ‘ನುಂಗಿದೆ’ ಎಂದರೆ ಅವಳು ನಂಬುತ್ತಾಳೆ.

ನನಗೆ ಮಾತ್ರ, “ಎಲ್ಲಿ, ನಾಲ್ಗೆ ಎತ್ತಿ ಮೇಷ್ಟ್ರೇ” ಎನ್ನುತ್ತಾಳೆ.